ತಗಡಿನ ದೋಣಿಯ ವ್ಯಾಪಾರ

ಹಳೆಯ ಎತ್ತನ್ನು ಕೊಳ್ಳುವವನು ಹಲ್ಲು ನೋಡುತ್ತಾನೆ. ಹಳೆಯ ಮನೆಯನ್ನು ಕೊಳ್ಳುವವನು ತೊಲೆ ನೋಡುತ್ತಾನೆ. ಹಳೆಯ ದೋಣಿಯನ್ನು ಕೊಳ್ಳುವವನು ಏನು ನೋಡಬೇಕೆಂಬುದು ಕಡಲ ಕರೆಯಲ್ಲಿ ಹುಟ್ಟಿ ಬೆಳೆದ ನನಗೆ ತೀರ ಹೊಸ ಪ್ರಶ್ನೆಯಲ್ಲ. ಆದರೆ ಆ ದೋಣಿ ಮರದ್ದಾಗಿರದೆ ಅಲ್ಯೂಮಿನಿಯಂ ತಗಡಿನದಾದರೆ? ಮೇಲಾಗಿ ಅದು ಕಡಲೆಂಬುದೇ ಇಲ್ಲದ ನಾಡೊಂದರಲ್ಲಿ ಮಾರಾಟಕ್ಕಿದ್ದರೆ? ಕಳೆದ ಬೇಸಗೆಯ ರಜೆಯಲ್ಲಿ ಅಪ್ಪಯ್ಯನನ್ನು ಕರೆದುಕೊಂಡು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ಅಣ್ಣನ ಮನೆಗೆ ಹೋದಾಗ ಈ ಪ್ರಶ್ನೆಗೆ ಉತ್ತರ ದೊರೆಯಿತು. ಉತ್ತರ ಕೊಟ್ಟವರು ಅಲ್ಲಿಯವರಲ್ಲ, ಅಪ್ಪಯ್ಯನೇ.

ನಮ್ಮದು ಗಂಗೊಳ್ಳಿ. ಕುಂದಾಪುರದ ಎದುರು ದಡದಲ್ಲಿ, ಐದು ಹೊಳೆಗಳು ಒಂದಾಗಿ ಕಡಲು ಸೇರುವಲ್ಲಿರುವ ಊರು. ಅಪ್ಪಯ್ಯ ಸುಮಾರು ನಲವತ್ತು ವರ್ಷ ಕಡಲಿಗೆ ಹೋದವರು. ಅಮ್ಮ ತೀರಿಕೊಂಡ ಮೇಲೆ ಮನೆಯ ಜಗಲಿಯಲ್ಲಿ ಒಬ್ಬರೇ ಕುಳಿತಿರುವುದನ್ನು ನೋಡಲಾರದೆ ಅಣ್ಣ ಅವರಿಗೆ ಆರು ತಿಂಗಳ ವೀಸಾ ಮಾಡಿಸಿದ್ದ. ಅವರನ್ನು ಒಬ್ಬರನ್ನೇ ವಿಮಾನ ಹತ್ತಿಸುವ ಧೈರ್ಯವಿಲ್ಲದೆ ನಾನೂ ಜೊತೆಗೆ ಹೊರಟಿದ್ದೆ. ಅಲ್ಲಿ ಮನೆ ದೊಡ್ಡದು, ಸುಖ ಸೌಕರ್ಯಗಳಿಗೆ ಕೊರತೆಯಿಲ್ಲ. ಅಣ್ಣ ಅತ್ತಿಗೆ ಇಬ್ಬರೂ ಕೆಲಸಕ್ಕೆ ಹೋದರೆ, ಅವರ ಒಂಬತ್ತು ವರ್ಷದ ಮಗಳು ಪುಟ್ಟಿ ಶಾಲೆಗೆ ಹೋದರೆ, ಅಪ್ಪಯ್ಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಿದ್ದರು. ರಸ್ತೆಯಲ್ಲಿ ಜನರಿಲ್ಲ. ಊರಿನ ಜಗಲಿಯಲ್ಲಾದರೆ ‘ಹ್ವಾಯ್, ಉಂಡಾಯ್ತಾ’ ಎಂದು ಕೇಳುವವರಾದರೂ ಇದ್ದರು. ಎರಡನೆಯ ವಾರಕ್ಕೇ ಅವರು, “ನೀ ಹೋಪತಿಗೆ ನಾನೂ ಬತ್ತೆ” ಎಂದು ನನಗೆ ಮೆಲ್ಲಗೆ ಹೇಳಿದರು. ಇದನ್ನು ಅಣ್ಣನಿಗೆ ಹೇಗೆ ತಿಳಿಸಲಿ ಎಂದು ನಾನು ಯೋಚಿಸುತ್ತಿದ್ದಾಗಲೇ ಅವನು ಒಂದು ರಾತ್ರಿ ಫೋನಿನಲ್ಲಿ ಹಳೆಯ ದೋಣಿಗಳ ಜಾಹೀರಾತು ತೆರೆದು ತೋರಿಸಿ, “ಒಂದು ಕೊಳ್ಳೋಣವೆಂದಿದ್ದೇನೆ” ಎಂದ.

ಮಿನ್ನೆಸೋಟ ಕೆರೆಗಳ ನಾಡು. ಹತ್ತು ಸಾವಿರ ಕೆರೆಗಳೆಂದು ಅಲ್ಲಿಯ ವಾಹನಗಳ ನಂಬರು ಫಲಕದ ಮೇಲೆಯೇ ಬರೆದಿರುತ್ತದೆ. ಆದರೆ ಸರಕಾರದ ಎಣಿಕೆಯಲ್ಲಿ ಹತ್ತು ಎಕರೆಗೆ ಮೇಲ್ಪಟ್ಟ ಕೆರೆಗಳೇ 11,842 ಇವೆ. ತನ್ನ ಸಂಪತ್ತನ್ನು ಕಡಿಮೆಯಾಗಿ ಹೇಳಿಕೊಳ್ಳುವ ಸರಕಾರ ಬೇರೆಲ್ಲಾದರೂ ಇದ್ದರೆ ವಾಚಕರೇ ಹೇಳಬೇಕು. ಚಳಿಗಾಲದಲ್ಲಿ ಇವೆಲ್ಲ ಹೆಪ್ಪುಗಟ್ಟಿ, ಮೇಲೆ ಕಾರು ಓಡಿಸುವಷ್ಟು ಗಟ್ಟಿಯಾಗುತ್ತವೆ. ಏಪ್ರಿಲಿನಲ್ಲಿ ದಕ್ಷಿಣದ ಕಡೆಯ ಕೆರೆಗಳ ಮಂಜುಗಡ್ಡೆ ಒಡೆದು ಕರಗುತ್ತದೆ. ಮೇ ತಿಂಗಳ ಒಂದು ಶನಿವಾರ ‘ವಾಲ್‌ಐ’ ಎಂಬ ಮೀನನ್ನು ಹಿಡಿಯುವ ಋತು ಆರಂಭವಾಗುತ್ತದೆ. ಅದು ಆ ರಾಜ್ಯದ ಅಧಿಕೃತ ಮೀನು; ಆ ದಿನ ಅವರಿಗೆ ಹಬ್ಬಕ್ಕಿಂತ ಕಡಿಮೆಯಲ್ಲ. ಆದ್ದರಿಂದ ಅದರ ಹಿಂದಿನ ವಾರಗಳಲ್ಲಿ ಮನೆಮನೆಯ ಅಂಗಳದಲ್ಲೂ ಎರಡು ಚಕ್ರದ ಬಂಡಿಯ ಮೇಲೆ ಕುಳಿತ ದೋಣಿಗಳು ಕಾಣುತ್ತವೆ. ಅವುಗಳಲ್ಲಿ ಕೆಲವು ‘ಮಾರಾಟಕ್ಕಿದೆ’ ಎಂಬ ಚೀಟಿಯನ್ನು ಅಂಟಿಸಿಕೊಂಡಿರುತ್ತವೆ.

ದೋಣಿಯ ಚಿತ್ರವನ್ನು ಅಪ್ಪಯ್ಯನಿಗೆ ತೋರಿಸಿದೆವು. ಬಹಳ ಹೊತ್ತು ನೋಡಿ, “ಎಂತ ಇದು, ತಗಡಿನ ದೋಣಿಯಾ?” ಎಂದರು. ಅಲ್ಯೂಮಿನಿಯಂ ಎಂದರೆ ಅವರಿಗೆ ಅನ್ನ ಬೇಯಿಸುವ ಪಾತ್ರೆ. ಮೀನಿನ ಸಾರನ್ನಂತೂ ಅದರಲ್ಲಿ ಮಾಡುವುದು ನಮ್ಮಲ್ಲಿ ಇಲ್ಲವೇ ಇಲ್ಲ, ಹುಳಿ ಪಾತ್ರೆಯನ್ನು ತಿನ್ನುತ್ತದೆಂದು ಮಣ್ಣಿನ ಗಡಿಗೆಯೇ ಬೇಕು. ಹುಳಿಗೆ ತಾಳದ ಲೋಹ ನೀರಿಗೆ ತಾಳುವುದೆ ಎಂಬುದು ಅವರ ಶಂಕೆ. ಶಂಕೆ ನ್ಯಾಯವಾದದ್ದೇ. ಈ ಲೋಹ ಗಾಳಿ ಸೋಕಿದೊಡನೆ ತನ್ನ ಮೈಮೇಲೆ ತಾನೇ ಒಂದು ತೆಳುವಾದ ಪೊರೆಯನ್ನು ಬೆಳೆಸಿಕೊಳ್ಳುತ್ತದೆ. ಆ ಪೊರೆ ಇರುವತನಕ ಸಿಹಿನೀರು ಅದನ್ನೇನೂ ಮಾಡಲಾರದು. ಉಪ್ಪುನೀರಿನಲ್ಲಿ, ಅದರಲ್ಲೂ ತಾಮ್ರ ಹಿತ್ತಾಳೆಗಳ ಸಹವಾಸವಾದರೆ, ಬೇಗ ಸವೆಯುತ್ತದೆ. ಅದರ ಭಾರ ಕಬ್ಬಿಣದ ಮೂರನೆಯ ಒಂದು ಪಾಲು. ಅಗ್ಗವಾಗಿ ದೊರೆಯತೊಡಗಿದ್ದು 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬಿಬ್ಬರು ತರುಣರು, ಒಬ್ಬರನ್ನೊಬ್ಬರು ಅರಿಯದೆ, ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ಒಂದೇ ಉಪಾಯವನ್ನು ಕಂಡುಹಿಡಿದ ಮೇಲೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಗಾಗಿ ಇದರ ತಗಡು ಅಪಾರವಾಗಿ ತಯಾರಾಯಿತು. ತಗಡಿಗೆ ತಗಡನ್ನು ರಿವೆಟ್ ಹೊಡೆದು ಸೇರಿಸುವ ಕುಶಲಿಗಳೂ ತಯಾರಾದರು. 1945ರಲ್ಲಿ ಯುದ್ಧ ಮುಗಿದಾಗ ತಗಡಿತ್ತು, ಕೈಗಳಿದ್ದವು, ವಿಮಾನ ಬೇಕಾಗಿರಲಿಲ್ಲ. ನೌಕಾಪಡೆಗೆ ಯುದ್ಧವಿಮಾನ ಕಟ್ಟುತ್ತಿದ್ದ ಗ್ರಮನ್ ಕಂಪೆನಿ ಆಗ ಹಗುರವಾದ ಕಿರುದೋಣಿಗಳನ್ನು ಮಾಡತೊಡಗಿತು. 1948ರಲ್ಲಿ ಮಿನ್ನೆಸೋಟದ ನ್ಯೂಯಾರ್ಕ್ ಮಿಲ್ಸ್ ಎಂಬ ಚಿಕ್ಕ ಊರಿನಲ್ಲಿ (ಇದಕ್ಕೂ ಆ ಮಹಾನಗರಕ್ಕೂ ಹೆಸರಿನ ನಂಟಷ್ಟೇ) ಲುಂಡ್ ಎಂಬವರು ಮೀನುಗಾರಿಕೆಯ ದೋಣಿ ಕಟ್ಟಿದರು. ಅಂತಹ ದೋಣಿ ಮಿನ್ನೆಸೋಟದ ಕೆರೆಗಳಲ್ಲಿ ಇಂದು ನಮ್ಮ ಊರ ಸೈಕಲ್ಲಿನಷ್ಟು ಸಾಮಾನ್ಯ.

ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿ ಅಪ್ಪಯ್ಯನಿಗೆ ವಿವರಿಸಿದೆ. ಅಧ್ಯಾಪಕ ವೃತ್ತಿಯವರಿಗೆ ಇದೊಂದು ಚಪಲ. ಅವರು ಎಲ್ಲವನ್ನೂ ಕೇಳಿ, “ಕಾಂಬ” ಎಂದರು.

ಮೊದಲು ನೋಡಲು ಹೋದದ್ದು ಹದಿನಾರು ಅಡಿಯ ಹಸಿರು ದೋಣಿ. ಹೊಸದಾಗಿ ಬಣ್ಣ ಬಳಿದಿತ್ತು. ಒಳಗೆ ಬೂದುಬಣ್ಣದ ಜಮಖಾನೆ ಹಾಸಿತ್ತು, ಹಿಂದೆ 25 ಕುದುರೆಶಕ್ತಿಯ ಎಂಜಿನು ತೂಗುತ್ತಿತ್ತು. ಕೇಳಿದ ಬೆಲೆ 1,400 ಡಾಲರು, ಅಷ್ಟು ಸಲಕರಣೆಗೆ ಕಡಿಮೆಯೇ. ಅಣ್ಣನ ಮುಖ ಅರಳಿತ್ತು. ಅಪ್ಪಯ್ಯ ದೋಣಿಯನ್ನು ಎರಡು ಸುತ್ತು ಸುತ್ತಿದರು. ಆಮೇಲೆ ಹಿಂಬದಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ತಳದ ಗೆರೆಗೆ ಒಂದು ಕಣ್ಣು ಹಚ್ಚಿ, ಮರದ ದೋಣಿ ಬಾಗಿದೆಯೇ ಎಂದು ನೋಡುವ ರೀತಿಯಲ್ಲಿಯೇ ಮೂತಿಯವರೆಗೆ ನೋಡಿದರು. ಎದ್ದು, ಹಲಸಿನ ಹಣ್ಣನ್ನು ತಟ್ಟುವಂತೆ ಬೆರಳ ಗೆಣ್ಣಿನಿಂದ ಮೈಯನ್ನು ತಟ್ಟುತ್ತ ಬಂದರು. ತಗಡು ಟಣ್ ಟಣ್ ಎಂದು ನಾದಗೊಡುತ್ತಿತ್ತು. ಹಿಂಭಾಗದಲ್ಲಿ ಎಂಜಿನು ತೂಗುಹಾಕಿದ್ದ ಹಲಗೆಯ ಬಳಿ ಬಂದಾಗ ಸದ್ದು ಒಮ್ಮೆಲೇ ಮಂದವಾಯಿತು. ಮತ್ತೆ ತಟ್ಟಿದರು. ಮೂಗು ಹತ್ತಿರ ಒಯ್ದು ಮೂಸಿದರು. ಮಾರುವಾತ ಸ್ವಲ್ಪ ಬೆರಗಾಗಿ ನೋಡುತ್ತಿದ್ದ.

“ಇದ್ರ ಹೊಟ್ಟೆಲಿ ಮರ ಇತ್ತ್” ಎಂದರು ಅಪ್ಪಯ್ಯ.

(ನಮ್ಮ ಕಡೆಯ ಮಾತಿನಲ್ಲಿ ‘ಇತ್ತ್’ ಎಂದರೆ ವರ್ತಮಾನಕಾಲ, ‘ಇದೆ’ ಎಂದರ್ಥ. ಈ ಒಂದು ಪದದ ದೆಸೆಯಿಂದ ಮೈಸೂರಿನ ಕಡೆಯ ಗೆಳೆಯರೊಡನೆ ನನಗೆ ಆಗಿರುವ ಪೇಚುಗಳು ಬೇರೊಂದು ಲೇಖನಕ್ಕೆ ಸಾಕು.)

ಅವರು ಹೇಳಿದ್ದು ನಿಜವಾಗಿತ್ತು. ತಗಡಿನ ದೋಣಿ ಪೂರ್ತಿ ತಗಡಿನದಲ್ಲ. ಎಂಜಿನಿನ ಭಾರವನ್ನೂ ನೂಕುವಿಕೆಯನ್ನೂ ತೆಳುವಾದ ತಗಡೊಂದೇ ತಡೆಯಲಾರದೆಂದು ಹಿಂಬದಿಯ ಗೋಡೆಯ ಎರಡು ತಗಡುಗಳ ನಡುವೆ ಪ್ಲೈವುಡ್ ಹಲಗೆಯನ್ನು ಇಟ್ಟಿರುತ್ತಾರೆ. ಈ ಭಾಗಕ್ಕೆ ಅಲ್ಲಿ ‘ಟ್ರಾನ್ಸಮ್’ ಎನ್ನುತ್ತಾರೆ. ಹೆಚ್ಚಿನ ಹಳೆಯ ದೋಣಿಗಳೆಲ್ಲ ಹೀಗೆಯೇ. ಬೋಲ್ಟುಗಳ ತೂತಿನಿಂದ, ಮೇಲಿನ ಮುಚ್ಚಳದ ಸಂದಿನಿಂದ ಹನಿಹನಿಯಾಗಿ ಒಳಗಿಳಿದ ನೀರು ಮತ್ತೆ ಹೊರಬರಲು ದಾರಿಯಿಲ್ಲ. ಎರಡು ಕಡೆಯೂ ತಗಡು ಮುಚ್ಚಿರುವುದರಿಂದ ಬಿಸಿಲೂ ತಾಗದು, ಗಾಳಿಯೂ ತಾಗದು. ಹೊರಗಿನ ಲೋಹ ಐವತ್ತು ವರ್ಷ ಬಾಳಿದರೂ ಒಳಗಿನ ಮರ ಕತ್ತಲಲ್ಲಿ ಕೊಳೆಯುತ್ತದೆ. ಹಾಗೆ ಕೊಳೆತ ದೋಣಿಯಲ್ಲಿ ಎಂಜಿನನ್ನು ಜೋರಾಗಿ ಓಡಿಸಿದರೆ ಹಲಗೆ ಬಾಗಿ, ತಗಡು ಸೀಳಿ, ಎಂಜಿನೇ ನೀರಿಗೆ ಬೀಳಬಹುದು. ಅಪ್ಪಯ್ಯ ಎಂಜಿನಿನ ಕೆಳತುದಿಯನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿದಾಗ ಹಿಂಬದಿಯ ಗೋಡೆ ಉಸಿರಾಡುವಂತೆ ಕಂಡಿತು. ಅಣ್ಣ ಅನುಮತಿ ಕೇಳಿ ಒಂದು ತಿರುಪನ್ನು ಬಿಚ್ಚಿದ. ಅದರ ಜೊತೆಗೆ ಕಾಫಿಚರಟದಂತಹ ಕಪ್ಪು ಹುಡಿಯೂ ನಾಲ್ಕು ಹನಿ ನೀರೂ ಬಂದವು.

ಮರವನ್ನು ಬದಲಿಸಲಾಗದೆಂದಲ್ಲ. ಎಂಜಿನಿಳಿಸಿ, ಮುಚ್ಚಳ ಬಿಚ್ಚಿ, ಹೊಸ ಹಲಗೆಯನ್ನು ಅದೇ ಅಳತೆಗೆ ಕೊಯ್ದು, ಅಂಚು ತೂತುಗಳಿಗೂ ಸೇರಿಸಿ ಎಪಾಕ್ಸಿ ಬಳಿದು ಕೂರಿಸಬಹುದು. ಕೆಲವರು ಗಟ್ಟಿಯಾಗಿ ಬಾಳಲೆಂದು ತಾಮ್ರದ ಔಷಧ ಕುಡಿಸಿದ ಹಲಗೆಯನ್ನು ಹಾಕುತ್ತಾರಂತೆ. ಆಗ ಮರ ಉಳಿಯುತ್ತದೆ, ತಗಡು ತೂತಾಗುತ್ತದೆ! ಆದರೆ ಅಷ್ಟು ಕೆಲಸಕ್ಕೆ ಸಮಯವೂ ಹಣವೂ ಬೇಕು, ಮತ್ತು ಆ ಜಮಖಾನೆಯ ಅಡಿಯಲ್ಲಿ ಇನ್ನೇನಿದೆಯೋ ಯಾರು ಬಲ್ಲರು. ಹಿಂದಿರುಗುವಾಗ ಕಾರಿನಲ್ಲಿ ಅಪ್ಪಯ್ಯ, “ಮಾರುವ ದೋಣಿಗೆ ಬಣ್ಣ ಎಂತಕೆ?” ಎಂದಷ್ಟೇ ಹೇಳಿ ಹೊರಗೆ ನೋಡತೊಡಗಿದರು. ಊರು ಬಿಟ್ಟ ಮೇಲೆ ಅವರ ಮುಖದಲ್ಲಿ ಅಷ್ಟು ಲವಲವಿಕೆಯನ್ನು ನಾನು ಕಂಡಿರಲಿಲ್ಲ.

ನಡುವೆ ನೋಡಿದ ಮೂರು ದೋಣಿಗಳ ವಿಚಾರ ಬೇಡ. ಒಂದಕ್ಕೆ ಕಾಗದಪತ್ರ ಸರಿಯಿರಲಿಲ್ಲ; ಇನ್ನೊಂದರ ಎಂಜಿನಿನ ಎಣ್ಣೆ ಹಾಲಿನಂತೆ ಬೆಳ್ಳಗಿತ್ತು, ಎಂದರೆ ಒಳಗೆ ನೀರು ಸೇರಿತ್ತು; ಮೂರನೆಯದರ ಬೆಲೆ ನಮ್ಮ ಕೈಗೆ ಮೀರಿತ್ತು.

ಐದನೆಯದು ನಗರದಿಂದ ಒಂದು ಗಂಟೆಯ ದಾರಿಯಲ್ಲಿ, ನಿವೃತ್ತ ಶಾಲಾ ಉಪಾಧ್ಯಾಯರೊಬ್ಬರ ಅಂಗಳದಲ್ಲಿತ್ತು. ಹದಿನಾಲ್ಕು ಅಡಿ ಉದ್ದ, ಬಣ್ಣವಿಲ್ಲ, ಮೈಯೆಲ್ಲ ಮಾಸಿದ ಬೂದಿ. ಅಲ್ಲಲ್ಲಿ ಕಲ್ಲಿಗೆ ತಾಗಿದ ನೆಗ್ಗು. ಹಳೆಯ ಅನ್ನದ ಪಾತ್ರೆಯನ್ನೇ ಹಿಗ್ಗಿಸಿ ಇಟ್ಟಂತಿತ್ತು. 9.9 ಕುದುರೆಶಕ್ತಿಯ ಎಂಜಿನು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಷ್ಟೆ. ಆಗಲೂ ಹೋಗಬಹುದಾದದ್ದು ನಾಡದೋಣಿಗಳು, 10 ಕುದುರೆಶಕ್ತಿಯವರೆಗಿನ ಎಂಜಿನಿನವು. ಆದ್ದರಿಂದ ಅಪ್ಪಯ್ಯನಿಗೆ ಈ ಎಂಜಿನು ಹಳೆಯ ಪರಿಚಯದವರನ್ನು ಕಂಡಂತಾಯಿತು. ಅದರ ತಲೆಯನ್ನು ಒಮ್ಮೆ ಸವರಿದರು.

ಇಲ್ಲಿ ನಡೆದದ್ದು ಪರೀಕ್ಷೆಯೆನ್ನುವುದಕ್ಕಿಂತ ಸಂಭಾಷಣೆ. ಉಪಾಧ್ಯಾಯರಿಗೆ ಕನ್ನಡ ಬಾರದು, ಅಪ್ಪಯ್ಯನಿಗೆ ಇಂಗ್ಲಿಷು ಬಾರದು. ಅಪ್ಪಯ್ಯ ಹಿಂಬದಿಯ ಹಲಗೆ ತಟ್ಟಿದರು, ಸದ್ದು ಗಟ್ಟಿಯಾಗಿತ್ತು. ಉಪಾಧ್ಯಾಯರು ನಕ್ಕು, ಏಳು ವರ್ಷದ ಹಿಂದೆ ತಾವೇ ಅದನ್ನು ಬದಲಿಸಿದ ಚಿತ್ರಗಳನ್ನು ತಂದು ತೋರಿಸಿದರು. ಅಪ್ಪಯ್ಯ ಆಸನದ ಪೆಟ್ಟಿಗೆಯನ್ನು ತಟ್ಟಿದರು. ಅದರೊಳಗೆ ದೋಣಿ ಮುಳುಗದಿರಲೆಂದು ನೊರೆಯಂತಹ ಹಗುರ ವಸ್ತು ತುಂಬಿರುತ್ತದೆ. ಅದು ನೀರು ಕುಡಿದರೆ ದೋಣಿಗೆ ಕಾಣದ ಭಾರ ಹೊರಿಸುತ್ತದೆ. ಉಪಾಧ್ಯಾಯರು ದೋಣಿಯ ಮೂತಿಯನ್ನು ಎತ್ತಿ ನೋಡುವಂತೆ ಸನ್ನೆ ಮಾಡಿದರು, ಹಗುರವಾಗಿ ಎದ್ದಿತು. ಬಳಿಕ ಅವರೇ ತೋಟದ ಕೊಳವೆಯನ್ನು ತಂದು ದೋಣಿಯೊಳಗೆ ನಾಲ್ಕು ಬೆರಳು ನೀರು ಬಿಟ್ಟರು. ಅದಕ್ಕಿಂತ ಹೆಚ್ಚು ತುಂಬಬಾರದು. ನೀರಿನ ಭಾರಕ್ಕೆ ಬಂಡಿಯೂ ತಳವೂ ನಲುಗುತ್ತವೆ. ಹೊರಗಿನ ನೀರು ಒಳಗೆ ಬರುವ ದಾರಿಯನ್ನು, ಒಳಗಿನ ನೀರು ಹೊರಗೆ ಹೋಗುವುದರಿಂದ ಕಂಡುಕೊಳ್ಳುವ ಈ ಉಪಾಯ ಅಪ್ಪಯ್ಯನಿಗೆ ಬಹಳ ಹಿಡಿಸಿತು. ಇಬ್ಬರೂ ಮುದುಕರು ದೋಣಿಯ ಅಡಿಗೆ ತಲೆಯಿಟ್ಟು ಮಲಗಿದರು. ಎರಡು ರಿವೆಟ್‌ಗಳ ಸುತ್ತ ಹನಿ ಕಟ್ಟಿತು. ಉಪಾಧ್ಯಾಯರು ಮೊದಲೇ ಸೀಮೆಸುಣ್ಣದಿಂದ ಅವೆರಡರ ಸುತ್ತಲೂ ಗುರುತು ಹಾಕಿಟ್ಟಿದ್ದರು!

ನೀರು ಬಿಡಲು ಅವರು ಹಿಂಬದಿಯ ತಳದಲ್ಲಿದ್ದ ಬಿರಡೆಯನ್ನು ಕಿತ್ತಾಗ ಅಪ್ಪಯ್ಯ ಬೆಚ್ಚಿದರು. ದೋಣಿಗೆ ಬುದ್ಧಿಪೂರ್ವಕವಾಗಿ ತೂತು ಕೊರೆದವರನ್ನು ಅವರು ಕೇಳಿ ಕಂಡವರಲ್ಲ. ಮಳೆನೀರು ಹೋಗಲೆಂದು ಅದನ್ನು ಮಾಡಿರುತ್ತಾರೆ. ಬಿರಡೆ ಹಾಕಲು ಮರೆತು ನೀರಿಗಿಳಿಸಿದವರ ಕಥೆಗಳು ಅಲ್ಲಿ ಪ್ರತಿ ಕೆರೆಗೂ ಒಂದೊಂದಿವೆಯಂತೆ.

ಪುಟ್ಟಿ ಅಷ್ಟರಲ್ಲಿ ದೋಣಿಯ ಒಳಗೋಡೆಯ ಫಲಕವನ್ನು ಓದಿ ಅಜ್ಜಯ್ಯನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು: ಇಷ್ಟು ಜನ ಕೂರಬಹುದು, ಇಷ್ಟು ಭಾರ ಹೊರಬಹುದು, ಇಷ್ಟು ಕುದುರೆಗಳ ಎಂಜಿನು ಹಾಕಬಹುದು. ಹಿಂಬದಿಯ ಬಲಮೂಲೆಯಲ್ಲಿ ಹನ್ನೆರಡು ಅಕ್ಷರ ಅಂಕಿಗಳ ಗುರುತೊಂದು ಇತ್ತು. 1972ರಿಂದ ಈಚೆಗೆ ಅಲ್ಲಿ ತಯಾರಾದ ದೋಣಿಗಳಿಗೆಲ್ಲ ಅದು ಕಡ್ಡಾಯ. ಅದನ್ನು ನೋಂದಣಿಯ ಚೀಟಿಯೊಡನೆ ಅಣ್ಣ ತಾಳೆ ನೋಡಿದ. ಬಂಡಿಯ ಟಯರಿನ ಮಗ್ಗುಲಲ್ಲಿ ತಯಾರಾದ ವಾರವೂ ವರ್ಷವೂ ನಾಲ್ಕು ಅಂಕಿಗಳಲ್ಲಿ ಅಚ್ಚಾಗಿರುತ್ತದೆ; ಅವು ಹಳೆಯವಾಗಿದ್ದವು, ಬದಲಿಸಬೇಕಿತ್ತು.

ಬೆಲೆಯ ಮಾತು ಬಂತು. ಅವರು ಹೇಳಿದ್ದು 1,900 ಡಾಲರು. ಸೋರುವ ರಿವೆಟು, ಹಳೆಯ ಟಯರು ಎಲ್ಲವನ್ನೂ ಲೆಕ್ಕ ಹಾಕಿ ಅಣ್ಣ 1,600ಕ್ಕೆ ಕೇಳುವವನಿದ್ದ. ಅಲ್ಲಿ ಅದು ವಾಡಿಕೆಯೇ. ಕೇಳುವವನೂ ಹೇಳುವವನೂ ಸ್ವಲ್ಪ ಸಡಿಲ ಬಿಟ್ಟುಕೊಂಡೇ ಆರಂಭಿಸುತ್ತಾರೆ. ಸೊಂಟದ ನೋವಿನಿಂದ ಇನ್ನು ದೋಣಿ ಹತ್ತಲಾರೆನೆಂದೂ, ಮನೆ ಮಾರಿ ಮಗಳ ಊರಿಗೆ ಹೋಗುತ್ತೇನೆಂದೂ, ತಿಂಗಳ ಕೊನೆಗೆ ಅಂಗಳ ಖಾಲಿ ಮಾಡಬೇಕೆಂದೂ ಅವರು ಹೇಳಿದ್ದರು. ಕೊಳ್ಳುವವನಿಗೆ ಇದಕ್ಕಿಂತ ಅನುಕೂಲವಾದ ಸುದ್ದಿ ಬೇರೇನಿದೆ? ಅಣ್ಣ ಬಾಯಿ ತೆರೆಯುವ ಮೊದಲು ಅಪ್ಪಯ್ಯ ಅವನ ಮೊಣಕೈ ಹಿಡಿದು, “ಚೌಕಾಸಿ ಬ್ಯಾಡ. ಕೇಂಡದ್ ಕೊಡ್” ಎಂದರು. ಅಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. 1,900 ಎಣಿಸಿಕೊಟ್ಟ.

ಮುನ್ನೂರು ಡಾಲರು ಅಣ್ಣನಿಗೆ ಹಗುರವಾದ ಮಾತಲ್ಲ. ಕಾರಿನಲ್ಲಿ ಅವನು ಸ್ವಲ್ಪ ಅಸಮಾಧಾನದಿಂದಲೇ, “ಅಪ್ಪಯ್ಯ, ಅವರೂ ಬಿಡುತ್ತಿದ್ದರು” ಎಂದ. ಹಿಂದೆ ಬಂಡಿ ಗಡಗಡನೆ ಬರುತ್ತಿತ್ತು. ಅಪ್ಪಯ್ಯ ಕನ್ನಡಿಯಲ್ಲಿ ಅದನ್ನೇ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದರು.

2003ರಲ್ಲಿ ನಮ್ಮ ಮನೆಯ ದೋಣಿ ಮಾರಿದ್ದು ನನಗೆ ನೆನಪಿದೆ. ಮರದ ದೋಣಿ, ಪ್ರತಿ ವರ್ಷ ಬೂತಾಯಿ ಎಣ್ಣೆ ಬಳಿದು ಕಪ್ಪಾದದ್ದು. ಊರಲ್ಲೆಲ್ಲ ಫೈಬರಿನ ದೋಣಿ ಬಂದಿದೆ, ಮರದ್ದಕ್ಕೆ ಇನ್ನು ಕಾಲವಿಲ್ಲ, ಅದಕ್ಕೇ ಮಾರಿದೆ ಎಂದು ಅಪ್ಪಯ್ಯ ಆಗ ಮನೆಯಲ್ಲಿ ಹೇಳಿದ್ದರು. ಅಣ್ಣನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದೂ ಅದೇ ವರ್ಷವೆಂಬುದು ನಮಗೆ ಗೊತ್ತಿತ್ತು; ಗೊತ್ತಿಲ್ಲದ ಸಂಗತಿಯನ್ನು ಈಗ ಹೇಳಿದರು. ಕೊಳ್ಳಲು ಬಂದವನಿಗೆ ಇವರು ಎಲ್ಲಿ ಹಲಗೆ ಸಡಿಲವಾಗಿದೆ, ಎಲ್ಲಿ ನೀರು ಜಿನುಗುತ್ತದೆ ಎಂದು ತಾವೇ ತೋರಿಸಿಕೊಟ್ಟರಂತೆ. ಆತ ಅದೇ ಲೋಪಗಳನ್ನು ಒಂದೊಂದಾಗಿ ಎಣಿಸಿ ಬೆಲೆಯಿಳಿಸಿದ. ಸೋಮವಾರ ಫೀಸು ಕಟ್ಟುವ ಕೊನೆಯ ದಿನವೆಂಬುದು ಅವನಿಗೆ ಹೇಗೋ ಗೊತ್ತಿತ್ತು. ಶನಿವಾರದವರೆಗೆ ಬರಲಿಲ್ಲ, ಭಾನುವಾರ ಸಂಜೆ ಬಂದು ಮತ್ತೂ ಇಳಿಸಿ ಕೇಳಿದ. ಕೊಟ್ಟರು. ಕಡಮೆಯಾದ ಹಣಕ್ಕೆ ಅಮ್ಮನ ಬಳೆ ಸೇರಿತು. ಬಳೆಯ ವಿಚಾರ ನಾವಿಬ್ಬರೂ ಅದೇ ಮೊದಲು ಕೇಳಿದ್ದು.

ಇಷ್ಟನ್ನೂ ಅವರು ಯಾವ ದೂರೂ ಇಲ್ಲದೆ, ಮೀನಿನ ದರ ಹೇಳುವಂತೆ ಹೇಳಿದರು. ಅಣ್ಣ ಮಾತಾಡಲಿಲ್ಲ. ಎರಡು ಕೈಯಲ್ಲೂ ಚಕ್ರವನ್ನು ಹಿಡಿದು ನೆಟ್ಟಗೆ ರಸ್ತೆ ನೋಡುತ್ತಿದ್ದ.

ಉಳಿದದ್ದು ಸರಕಾರದ ಕೆಲಸ. ಆ ರಾಜ್ಯದಲ್ಲಿ ಹದಿನಾರು ಅಡಿ ಮೀರಿದ ದೋಣಿಗೆ ಸಾಮಾನ್ಯವಾಗಿ ಒಡೆತನದ ಪತ್ರ ಬೇಕು. ಹದಿನಾಲ್ಕಡಿಯದಕ್ಕೆ ನೋಂದಣಿ ಸಾಕು, ಮೂರು ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಒಬ್ಬೊಬ್ಬರಿಗೂ ಒಂದು ತೇಲುಕವಚ. ಹತ್ತು ವರ್ಷದೊಳಗಿನವರು ದೋಣಿ ಚಲಿಸುವಾಗ ಅದನ್ನು ತೊಟ್ಟಿರಲೇಬೇಕು. ಪುಟ್ಟಿ ತನಗಿನ್ನೂ ಒಂಬತ್ತೇ ಆಗಿರುವುದಕ್ಕೆ ಸಿಡುಕಿದಳು. ಗಾಳ ಹಾಕಲು ಲೈಸೆನ್ಸು ಬೇಕೆಂದಾಗ ಅಪ್ಪಯ್ಯನಿಗೆ ನಗು ತಡೆಯಲಾಗಲಿಲ್ಲ. ನಲವತ್ತು ವರ್ಷ ಮೀನು ಹಿಡಿದವರು ಅರುವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಮೀನು ಹಿಡಿಯಲು ಅಪ್ಪಣೆ ಪಡೆದರು. ಆ ಚೀಟಿಯನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡಿದ್ದಾರೆ.

ದೋಣಿಯನ್ನು ನೀರಿನಿಂದೆತ್ತಿ ಒಯ್ಯುವಾಗ ಬಿರಡೆ ಕಿತ್ತಿರಲೇಬೇಕೆಂದು ಅಲ್ಲಿ ಕಾನೂನಿದೆ. ‘ಜೀಬ್ರಾ ಮಸಲ್’ ಎಂಬ ಪರದೇಶದ ಚಿಪ್ಪುಜೀವಿ, ಬೆರಳುಗುರಿನಷ್ಟಿರುವುದು, ಒಂದು ಕೆರೆಯ ನೀರಿನಿಂದ ಇನ್ನೊಂದಕ್ಕೆ ದಾಟಿ ಕೆರೆಗಳನ್ನೇ ಕೆಡಿಸುತ್ತದೆ. ಆದ್ದರಿಂದ ಒಂದು ಹನಿಯನ್ನೂ ಹೊತ್ತೊಯ್ಯಕೂಡದು. ಬಿರಡೆಯನ್ನು ಹಾಕುವ ಕೀಳುವ ಅಧಿಕಾರವನ್ನು ಅಪ್ಪಯ್ಯ ತಾವೇ ವಹಿಸಿಕೊಂಡರು. ಅದು ಸದಾ ಅವರ ಅಂಗಿಯ ಜೇಬಿನಲ್ಲಿರುತ್ತದೆ. ಅಂಗಿಯನ್ನು ಒಗೆಯಲು ಹಾಕುವ ಮೊದಲು ಜೇಬು ನೋಡುವ ಅಭ್ಯಾಸ ಅತ್ತಿಗೆಗೂ ಆಗಿದೆ.

ಜೂನಿನಲ್ಲಿ ಕಾಲೇಜು ತೆರೆಯಿತೆಂದು ನಾನು ಹೊರಟೆ. ಜೊತೆಗೆ ಬರುವ ಮಾತನ್ನು ಅಪ್ಪಯ್ಯ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ಆಮೇಲೆ ಫೋನಿನಲ್ಲಿ ಸುದ್ದಿ ಬರುತ್ತಿತ್ತು: ಎರಡು ರಿವೆಟುಗಳನ್ನು ಅಣ್ಣನೂ ಅಪ್ಪಯ್ಯನೂ ಸೇರಿ ಹೊಸದಾಗಿ ಹೊಡೆದರು, ಒಬ್ಬರು ಒಳಗಿನಿಂದ ಸುತ್ತಿಗೆ, ಒಬ್ಬರು ಹೊರಗಿನಿಂದ ಕಬ್ಬಿಣದ ಗಟ್ಟಿ ಹಿಡಿದು, ವಾಲ್‌ಐ ಮೀನಿಗೆ ಮುಳ್ಳು ಕಡಿಮೆ, ರುಚಿಯೂ ಕಡಿಮೆ, ಉಪಾಧ್ಯಾಯರು ಒಮ್ಮೆ ಮಗಳೊಡನೆ ಬಂದು ದಡದಲ್ಲಿ ಕುಳಿತು ಹೋದರು. ಸೆಪ್ಟೆಂಬರಿನಲ್ಲಿ ಹಿಂದಿರುಗುವ ಟಿಕೇಟಿನ ಮಾತು ಬಂದಾಗ ಅಪ್ಪಯ್ಯ ಅಣ್ಣನನ್ನು ಕೇಳಿದ್ದು ದೋಣಿಯನ್ನು ಚಳಿಗಾಲದಲ್ಲಿ ಎಲ್ಲಿಡುತ್ತೀಯೆಂದು. ಊರಿನಲ್ಲಾದರೆ ಮಳೆಗಾಲದಲ್ಲಿ ಮೇಲಕ್ಕೆಳೆದು ತೆಂಗಿನ ಮಡಲು ಹೊದಿಸುತ್ತೇವೆ. ಇಲ್ಲಿ ಬೋರಲು ಹಾಕಬೇಕು, ಹಿಮ ಒಳಗೆ ತುಂಬಬಾರದು. ಹಿಂಬದಿಯ ಹಲಗೆಗೆ ನೆಲ ತಾಗದಂತೆ ಎರಡು ದಿಮ್ಮಿ ಕೊಡಬೇಕು. ದಿಮ್ಮಿಯನ್ನು ನಾನೇ ಕೊಯ್ದು ಇಟ್ಟು ಹೋಗುತ್ತೇನೆ, ಏಪ್ರಿಲಿನವರೆಗೆ ಯಾರೂ ಅದನ್ನು ಅಲುಗಿಸಬೇಡಿ ಎಂದರಂತೆ.